ರಾಯಚೂರು ಶಾಖೆಯ ವಿದ್ಯಾರ್ಥಿನಿ

ಹೈದರಾಬಾದಿನಲ್ಲಿ ನೌಕರಿ ಹೋದವರು ನಿರುದ್ಯೋಗಿಗಳಾಗುವುದಿಲ್ಲ, ಕನ್ಸಲ್ಟಂಟ್ ಆಗುತ್ತಾರೆ. ಕೊಂಡಾಪುರದ ಕಂಪನಿಯೊಂದು ಏಳು ವರ್ಷ ದುಡಿಸಿಕೊಂಡು, ಒಂದು ಮಂಗಳವಾರ ಹದಿನಾಲ್ಕು ನಿಮಿಷದ ವಿಡಿಯೊ ಕರೆಯಲ್ಲಿ ಬೀಳ್ಕೊಟ್ಟ ಮೇಲೆ ಕಾವ್ಯಾಳೂ ಆದಳು. ಕಾಚಿಗೂಡದ ಮನೆಯ ಮಹಡಿಯಲ್ಲಿ ಮೇಜು ಹಾಕಿಕೊಂಡು ವೆಬ್‌ಸೈಟ್ ಮಾಡಿಕೊಡತೊಡಗಿದಳು. ನೆಂಟರು ವಿಚಾರಿಸಿದರೆ ತಾಯಿ ಸುಭದ್ರಾ ಮಾತ್ರ, "ಸದ್ಯ ಮನ್ಯಾಗ ಅದಾಳ್ರಿ" ಎಂದು ಜ್ವರದಲ್ಲಿ ಮಲಗಿದವರ ಬಗ್ಗೆ ಹೇಳುವ ದನಿಯಲ್ಲಿ ಹೇಳುತ್ತಿದ್ದಳು.

ಮೊದಲು ಒಂದು ಬಳೆ ಅಂಗಡಿ, ಆಮೇಲೆ ಒಬ್ಬ ಹಲ್ಲಿನ ಡಾಕ್ಟರು, ಅವರ ಭಾವಮೈದುನನ ಟೈಲ್ಸ್ ಗೋದಾಮು. ಮೂರನೆಯ ವರ್ಷ ಗುರುಶಾಂತ ಸಿಕ್ಕ. ದಿಲ್‌ಸುಖ್‌ನಗರದಲ್ಲಿ ಕೋಚಿಂಗ್ ಸಂಸ್ಥೆ ನಡೆಸುವವನು, ಮೂಲ ಬೀದರ್ ಕಡೆಯವನು. "ನಮ್ಮ ಮಂದಿ ಕೆಲಸ ನಮ್ಮ ಮಂದೀಗೆ ಕೊಡಬೇಕು" ಎಂದವನು, ಪಾಸಾದರೆ ಆರೂ ಶಾಖೆಗಳ ಮೂರು ವರ್ಷದ ಕೆಲಸ ಅವಳದೇ ಎಂದ. ಪರೀಕ್ಷೆ ಏನೆಂದರೆ, ಇಂಜಿನಿಯರಿಂಗ್ ಪ್ರವೇಶದ ಫಲಿತಾಂಶ ಬಂದ ದಿನ ಸಂಜೆಯೊಳಗೆ ರ್‍ಯಾಂಕ್ ಬಂದವರ ಫೋಟೋಗಳು ಸೈಟಿನಲ್ಲಿರಬೇಕು.

ಕೋಚಿಂಗ್ ಲೋಕದಲ್ಲಿ ಒಬ್ಬನೇ ಹುಡುಗ ಮೂರು ಸಂಸ್ಥೆಗಳಲ್ಲಿ ಏಕಕಾಲಕ್ಕೆ ಓದಿ ಮೊದಲಿಗನಾಗುವುದು ಪವಾಡವೇನಲ್ಲ. ಯಾವುದೋ ಭಾನುವಾರ ಬಂದು ಒಂದು ಪುಕ್ಕಟೆ ಮಾದರಿ ಪರೀಕ್ಷೆ ಬರೆದು ಹೋಗಿದ್ದರೂ ಸಾಕು, ಅವನು ಸಂಸ್ಥೆಯ ಕುಲಪುತ್ರ. ಆ ವರ್ಷ ಹಾಗೆ ಸಿಕ್ಕವಳು ರೇಣುಕಾ. ಗಾರೆ ಕೆಲಸದ ದ್ಯಾವಪ್ಪನ ಮಗಳು. ಆರನೆಯ ಇಯತ್ತೆಯಿಂದ ಇಲ್ಲಿಯ ಸರಕಾರಿ ವಸತಿ ಶಾಲೆಯಲ್ಲೇ ಓದಿದವಳು. ರ್‍ಯಾಂಕು ನಾಲ್ಕುನೂರಾ ಹದಿನೆಂಟು.

"ಅವ್ರು ಕನ್ನಡದಾವ್ರು, ನೀನೇ ಹೋಗು" ಎಂದು ಗುರುಶಾಂತ, ಫೋಟೋಗೆ ಬದಲಾಗಿ ಕೊಡಲು ಹೊಸ ಲ್ಯಾಪ್‌ಟಾಪಿನ ಡಬ್ಬಿಯೊಂದನ್ನು ಕೈಗಿತ್ತು ಕಾವ್ಯಾಳನ್ನು ಕಳಿಸಿದ.

ಕೊಂಡಾಪುರದಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟಿನ ಹಿಂದಿನ ತಗಡಿನ ಶೆಡ್ಡಿನ ಮುಂದೆ ಕೂತು ಕಾವ್ಯಾ ಫೋನಿನಲ್ಲಿ ಫಾರ್ಮು ತುಂಬಿದಳು.

"ಅಕ್ಕಾ, ನಾ ಅಲ್ಲಿ ಓದಿಲ್ಲಲ್ರಿ," ಎಂದಳು ರೇಣುಕಾ. "ಎರಡು ಸಲ ಟೆಸ್ಟ್ ಬರದೀನಿ, ಅಷ್ಟ."

"ಅಷ್ಟ ಸಾಕವ್ವಾ. ಎಲ್ಲಾರೂ ಹಿಂಗ ಮಾಡ್ತಾರ."

ದ್ಯಾವಪ್ಪ ಡಬ್ಬಿಯನ್ನು ಮುಟ್ಟದೆ ಸುತ್ತಲೂ ನೋಡುತ್ತಿದ್ದ. "ಯಾವೂರ್‍ರಿ ನಿಮ್ದು?" ಎಂದು ಕಾವ್ಯಾ ಕೇಳಿದಳು.

"ಮಾನ್ವಿ ಕಡೇದರಿ. ರಾಯಚೂರು ಜಿಲ್ಲಾ."

ಹೈದರಾಬಾದಿಗೆ ಬಂದು ಅವನಿಗೆ ಹತ್ತೊಂಬತ್ತು ವರ್ಷವಾಗಿತ್ತು. ಮಗಳು ಹುಟ್ಟಿದ್ದೂ ಇಲ್ಲೇ. ಆದರೆ ಊರು ಎಂದು ಕೇಳಿದರೆ ಇರುವ ಜಾಗ ಹೇಳುವವರು ಯಾರು? ಕಾವ್ಯಾಳ ಅಜ್ಜನೇ ಕಾಚಿಗೂಡಕ್ಕೆ ಬಂದು ನೆಲೆಸಿದವನು. ಕಲಬುರಗಿಯಲ್ಲಿ ಅವಳು ಒಟ್ಟಿಗೆ ನಾಲ್ಕು ದಿನ ಇದ್ದವಳಲ್ಲ. ಆದರೂ ಕೇಳಿದರೆ "ನಮ್ದು ಕಲಬುರಗಿ" ಎನ್ನುವಳು. ಎರಡನೆಯ ಯೋಚನೆಯಿಲ್ಲದೆ ಊರಿನ ಜಾಗದಲ್ಲಿ ರಾಯಚೂರು ಎಂದು ಒತ್ತಿದಳು.

ಆ ಫಾರ್ಮನ್ನು ಬರೆದವಳೂ ಅವಳೇ. ಊರು ಹಾಕಿದರೆ ಹತ್ತಿರದ ಶಾಖೆಯೂ ಎರಡು ವರ್ಷದ ತರಗತಿಯೂ ತಾನಾಗಿ ಬೀಳುವಂತೆ ಮಾಡಿ ಗುರುಶಾಂತನಿಂದ ಶಹಬ್ಬಾಸ್ ಅನ್ನಿಸಿಕೊಂಡಿದ್ದಳು. ಸಂಜೆ ಸೈಟಿನಲ್ಲಿ ರೇಣುಕಾಳ ನಗುಮುಖದ ಕೆಳಗೆ ಸಾಲು ಮೂಡಿತು: "ರಾಯಚೂರು ಶಾಖೆಯ ಎರಡು ವರ್ಷದ ತರಗತಿ ವಿದ್ಯಾರ್ಥಿನಿ."

ಕಾವ್ಯಾ ನೋಡಿದಳು. ತಿದ್ದಬೇಕೆಂದು ಗುರುಶಾಂತನಿಗೆ ಫೋನು ಮಾಡಿದಳು ಕೂಡ. ಅವನು ಹಿಗ್ಗಿ ಹೀರೇಕಾಯಿಯಾಗಿದ್ದ. "ರಾಯಚೂರು ಶಾಖೆಗೆ ಇನ್ನಾ ಬಾಗಿಲಾ ಹಚ್ಚಿಲ್ಲ, ಆಗಲೇ ರ್‍ಯಾಂಕ್ ಬಂತು! ಮುಟ್ಟಬ್ಯಾಡ ಅದನ್ನ." ಮರುದಿನ ಮೂರು ವರ್ಷದ ಕರಾರಿಗೆ ಸಹಿ ಬಿತ್ತು. ಕಾವ್ಯಾ ಮುಟ್ಟಲಿಲ್ಲ.

ತಿಂಗಳೊಪ್ಪತ್ತು ಕಳೆದು, ಪ್ರಮಾಣಪತ್ರ ಪರಿಶೀಲನೆಯ ದಿನ ಬೆಳಗ್ಗೆ ಹನ್ನೊಂದಕ್ಕೆ ರೇಣುಕಾಳ ಫೋನು ಬಂತು. ಹುಡುಗಿ ಅಳುತ್ತಿರಲಿಲ್ಲ. ಅಳುತ್ತಿದ್ದರೆ ಕಾವ್ಯಾಳಿಗೆ ಸುಲಭವಾಗುತ್ತಿತ್ತು.

"ಅಕ್ಕಾ, ನಾ ಇಲ್ಲಿಯಾಕಿ ಅಲ್ಲಂತರಿ."

ಯಾರೋ ಪಾಲಕರು ಹೆಸರು ಬರೆಯದೆ ದೂರು ಹಾಕಿದ್ದರು. ಜೊತೆಗೆ ಸೈಟಿನ ಪುಟದ ಬಣ್ಣದ ಪ್ರತಿ. ಎರಡು ವರ್ಷ ರಾಯಚೂರಿನಲ್ಲಿ ಓದಿದವಳು ತೆಲಂಗಾಣದ ಸ್ಥಳೀಯಳು ಹೇಗಾದಾಳು? ನಾಲ್ಕು ಗಂಟೆಯೊಳಗೆ ಲಿಖಿತ ವಿವರಣೆ ಬಾರದಿದ್ದರೆ ಹೊರರಾಜ್ಯದವಳೆಂದು ಲೆಕ್ಕ. ಅಲ್ಲಿಗೆ ಕಂಪ್ಯೂಟರ್ ಸೈನ್ಸ್ ಸೀಟೂ ಇಲ್ಲ, ಫೀಸಿನ ರಿಯಾಯಿತಿಯೂ ಇಲ್ಲ.

ಕಾವ್ಯಾ ಮೊದಲು ಆ ಪುಟವನ್ನು ಸೈಟಿನಿಂದ ತೆಗೆದುಹಾಕಿದಳು. ಕಳ್ಳ ಹೋದ ಮೇಲೆ ಅಗಳಿ ಹಾಕಿದಂತೆ. ಆಮೇಲೆ ಗುರುಶಾಂತನಿಗೆ ಫೋನು ಮಾಡಿದಳು.

"ಸರ್, ಹುಡುಗಿ ನಮ್ಮಲ್ಲಿ ಓದಿಲ್ಲಂತ ಒಂದು ಸಾಲು ಬರದು ಕೊಡ್ರಿ."

"ಹುಚ್ಚೇನ ನಿನಗ? ರಾಯಚೂರಾಗ ಬಸ್‌ಸ್ಟ್ಯಾಂಡ್ ತುಂಬಾ ಆ ಹುಡುಗಿ ಮಾರಿ ಹಚ್ಚೀನಿ. ಅಡ್ಮಿಷನ್ ನಡದಾವ."

"ಆಕಿ ಸೀಟು ಹೋಗ್ತದ ಸರ್."

"ಹೋದ್ರ ಹೋತು, ರಾಯಚೂರಾಗ ಒಂದು ವರ್ಷ ಪುಕ್ಕಟೆ ಕುಂದ್ರಿಸೋಣು. ಆಗ ಖರೇನೇ ಆ ಶಾಖೆ ವಿದ್ಯಾರ್ಥಿನಿ ಆಗ್ತಾಳ. ಬರೋ ವರ್ಷ ಇನ್ನೊಂದು ಫೋಟೋ." ಅವನು ನಗುತ್ತಿರಲಿಲ್ಲ, ನಿಜವಾಗಿಯೂ ಉಪಕಾರ ಮಾಡುತ್ತಿದ್ದ. "ಕಾವ್ಯಾ, ನೀ ಕನ್ಸಲ್ಟಂಟ್ ಇದ್ದಿ, ವಕೀಲ ಅಲ್ಲ. ಸುಮ್ನ ಇರು."

ಕಾವ್ಯಾ ಒಂದು ಗಂಟೆ ಕರಾರನ್ನು ತಿರುವಿಹಾಕಿದಳು. ಅಷ್ಟು ಹೊತ್ತು ಲ್ಯಾಪ್‌ಟಾಪಿನ ಪರದೆಯ ಮೇಲೆ ಗುರುಶಾಂತನ ಹೋದ ತಿಂಗಳ ಇಮೇಲು ತೆರೆದೇ ಇತ್ತು: "ರಾಯಚೂರು ಶಾಖೆ ಬರುವ ತಿಂಗಳು ಆರಂಭ. ಕಟ್ಟಡದ ಫೋಟೋ ಇಂಟರ್‌ನೆಟ್ಟಿನಿಂದ ಯಾವುದಾದರೂ ಚೆಂದಂದು ಹಾಕು." ಇಲ್ಲದ ಶಾಖೆಯಲ್ಲಿ ಯಾರೂ ಎರಡು ವರ್ಷ ಓದಲಾರರು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಆದರೆ ಗ್ರಾಹಕರ ಪತ್ರಗಳನ್ನು ಮೂರನೆಯವರಿಗೆ ತೋರಿಸುವುದಿಲ್ಲ ಎಂಬ ಷರತ್ತು ಕರಾರಿನ ಐದನೆಯದು. ಕೊಂಡಾಪುರದ ಕಂಪನಿಯ ಕಾಗದದಿಂದ ಅದನ್ನು ಎತ್ತಿಕೊಂಡು ಸೇರಿಸಿದವಳು ತಾನೇ, ಘನತೆ ಬರಲೆಂದು. ಒಬ್ಬ ಗ್ರಾಹಕನ ಪತ್ರ ಬಯಲಿಗಿಟ್ಟವಳಿಗೆ ಆಮೇಲೆ ಟೈಲ್ಸ್ ಗೋದಾಮಿನವನೂ ಪಾಸ್‌ವರ್ಡ್ ಕೊಡುವುದಿಲ್ಲ.

ಎರಡೂವರೆಗೆ ಇಮೇಲಿನ ಪ್ರತಿ ತೆಗೆಸಿಕೊಂಡು ಪರಿಶೀಲನಾ ಕೇಂದ್ರಕ್ಕೆ ಹೋದಳು. ದ್ಯಾವಪ್ಪ ಹೊರಗೆ ಗೋಡೆಗೊರಗಿ ಕುಕ್ಕರಗಾಲಿನಲ್ಲಿ ಕೂತಿದ್ದ. ಇವಳನ್ನು ಕಂಡು ಎದ್ದು ನಿಂತು, "ನಾನಽ ತಪ್ಪ ಹೇಳಿದೆ ಏನ್ರಿ ಬಾಯಾರ? ಊರು ಕೇಳಿದ್ರಿ, ಹೇಳಿದೆ," ಎಂದ.

"ನಿಮ್ದಲ್ಲರಿ ತಪ್ಪು."

"ಹಂಗಾರ ಯಾರ್ದರಿ?" ಎಂದು ಕೇಳಿದ್ದು ರೇಣುಕಾ.

ಒಳಗೆ ಕನ್ನಡಕದ ಅಧಿಕಾರಿಣಿ "ಮೀರೆವರಮ್ಮಾ?" ಎಂದಳು. ಯಾರೆಂದು ಹೇಳುವುದು? ಆ ಪುಟ ಬರೆದವಳು ನಾನೇ ಎಂದು ಕಾವ್ಯಾ ತೆಲುಗಿನಲ್ಲಿ ಹೇಳಿದಳು.

"ಸುಳ್ಳು ಅಂತ ಗೊತ್ತಿದ್ದೇ ಬರೆದಿರಾ?"

"ಶಾಖೆ ರಾಯಚೂರು ಎಂದು ಬೀಳುವುದು ಬರೆಯುವಾಗ ಗೊತ್ತಿರಲಿಲ್ಲ. ಹಾಗೇ ಬಿಡುವಾಗ ಗೊತ್ತಿತ್ತು."

"ಈ ಹುಡುಗಿ ಏಳು ವರ್ಷದ ಶಾಲೆಯ ಸರ್ಟಿಫಿಕೇಟು ಕೊಟ್ಟಿದ್ದಾಳೆ. ಸರ್ಟಿಫಿಕೇಟು ಯಾರು ಬೇಕಾದರೂ ಮಾಡಿಸ್ತಾರೆ. ಇದು ಇಂಟರ್‌ನೆಟ್ಟಿನಲ್ಲಿ ಇತ್ತಲ್ಲ, ಅದಕ್ಕೇ ನಂಬಿದೆವು," ಎಂದಳು ಅಧಿಕಾರಿಣಿ, ತುಸು ನೊಂದವಳಂತೆ.

ಇಮೇಲನ್ನು ಎರಡು ಸಲ ಓದಿದಳು. ಬರೆದುಕೊಡಿ ಎಂದು ಬಿಳಿ ಹಾಳೆ ಮುಂದೆ ತಳ್ಳಿದಳು. ಕಾವ್ಯಾ ಬರೆದಳು: ಶಾಖೆ ಇನ್ನೂ ತೆರೆದಿಲ್ಲ, ಹುಡುಗಿ ಅಲ್ಲಿ ಓದಿಲ್ಲ, ಪುಟದ ಮಾತು ಸುಳ್ಳು, ಗೊತ್ತಾದ ಮೇಲೂ ನಾನು ತಿದ್ದಲಿಲ್ಲ. ಏಳು ವರ್ಷದ ನೌಕರಿಯಲ್ಲೂ ಮೂರು ವರ್ಷದ ಉದ್ಯೋಗದಲ್ಲೂ ಇಷ್ಟು ಚಿಕ್ಕ ವಾಕ್ಯಗಳನ್ನು ಅವಳು ಬರೆದಿರಲಿಲ್ಲ.

ಮೂರು ಐವತ್ತಕ್ಕೆ ರೇಣುಕಾಳ ಕಡತದ ಮೇಲೆ ಮುದ್ರೆ ಬಿತ್ತು. ಮುಂದಿನ ಕಿಟಕಿಯಿಂದ ಹೆಸರು ಕೂಗಿದರು. ಹುಡುಗಿ ಫೈಲು ಎದೆಗವಚಿಕೊಂಡು ಓಡಿದಳು.

ಕಾವ್ಯಾ ಹೊರಡಲೆಂದು ಎದ್ದಳು.

"ಕೂತ್ಕೊಳ್ಳಿ," ಎಂದಳು ಅಧಿಕಾರಿಣಿ. "ನಿಯಮ ಇದೆ. ನಿಮ್ಮ ಹೇಳಿಕೆಯ ಪ್ರತಿ ಆ ಸಂಸ್ಥೆಗೂ ಹೋಗಬೇಕು. ಲಕೋಟೆಯ ಮೇಲೆ ವಿಳಾಸ ಬರೆದುಬಿಡಿ. ಗೊತ್ತಲ್ಲ?"

ಗೊತ್ತಿತ್ತು. ಕಾವ್ಯಾ ಪೆನ್ನು ತೆಗೆದುಕೊಂಡು ಗುರುಶಾಂತನ ಹೆಸರು, ಮೂರನೆಯ ಮಹಡಿ, ಮೆಟ್ರೊ ಸ್ಟೇಷನ್ನಿನ ಎದುರು ಎಂದು ಬರೆದು, ಪಿನ್‌ಕೋಡನ್ನೂ ಹಾಕಿ, ಲಕೋಟೆಯನ್ನು ಅವಳತ್ತ ಸರಿಸಿದಳು.