ಸಮಾಧಾನದ ದನಿ

ಗಾಜಿನಾಚೆ ಕೂತ ಎಂಜಿನಿಯರ್ ಅಂಗಿಯ ಗುಂಡಿಗಳನ್ನು ತಪ್ಪಾಗಿ ಹಾಕಿಕೊಂಡಿದ್ದಾನೆ, ಒಂದೊಂದೂ ಒಂದು ತೂತು ಕೆಳಗೆ, ಹೇಳಬೇಕು, ಆದರೆ ಈ ಕೋಣೆಯಲ್ಲಿ ಕೂತರೆ ಬಾಯಿಗೆ ಬೀಗ, ಕೆಂಪು ದೀಪ ಹತ್ತದೆ ಮಾತು ಹೊರಡುವುದಿಲ್ಲ, ಹತ್ತಿದ ಮೇಲೆ ಹೊರಡುವುದು ತನ್ನ ಮಾತಲ್ಲ, ಹವಾಮಾನ ಕಚೇರಿಯವರದು — ಹಾಳೆ ಮೇಜಿನ ಮೇಲಿದೆ, ಸಂಜೆಯ ವರದಿ, ಚಂಡಮಾರುತ ಎಂಬ ಪದವನ್ನು ಅವಳು ಒಂದು ಸಲ ಕಣ್ಣಲ್ಲೇ ಓದಿ ದಾಟಿದ್ದಾಳೆ, ಈ ಮಳೆಗಾಲದಲ್ಲಿ ಇದು ಎರಡನೆಯದು, ಇಷ್ಟು ವರ್ಷ ಓದಿ ಓದಿ ಊರಲ್ಲಿ ಅವಳ ಹೆಸರೇ ಗುಡುಗಮ್ಮ ಎಂದಾಗಿದೆ, ತರಕಾರಿಯವಳು ಮುಖ ನೋಡದೆ ದನಿಯಲ್ಲೇ ಗುರುತು ಹಿಡಿಯುತ್ತಾಳೆ, ಏನಮ್ಮ, ನಾಳೆ ಬಟ್ಟೆ ಒಗೀಬಹುದಾ, ಅವಳು ನಗುತ್ತಾಳೆ, ನಾನು ಓದೋದಷ್ಟೇ, ಸುರಿಸೋದು ಬೇರೆಯವರು. ಕೆಲಸಕ್ಕೆ ಸೇರಿದ ದಿನವೇ ರೇಡಿಯೊ ನಿಲಯದ ಅಧಿಕಾರಿ ಹೇಳಿದ್ದರು, ದನಿಯಲ್ಲಿ ಹೆದರಿಕೆ ಸುಳಿಯಬಾರದು, ಜನ ದಿಕ್ಕಾಪಾಲಾಗಿ ಓಡಿ ಕೈಕಾಲು ಮುರ್ಕೊಳ್ತಾರೆ, ಸಮಾಧಾನವಾಗಿ ಓದಿ. ಸುಳ್ಳೇನಲ್ಲ. ಆ ಸಮಾಧಾನವನ್ನು ಅವಳು ವರ್ಷಗಟ್ಟಲೆ ತೀಡಿ ತೀಡಿ ನುಣ್ಣಗೆ ಮಾಡಿಕೊಂಡಳು, ಮಾವ ತೀರಿಕೊಂಡ ದಿನ ಬದಲಿ ಜನ ಸಿಗದೆ ತಾನೇ ಬಂದು ಓದಿದಾಗಲೂ ಅದರಲ್ಲಿ ಒಂದು ಗೀರು ಬೀಳಲಿಲ್ಲ, ಗಂಡ ಆಮೇಲೆ ಬಹಳ ದಿನ ಅವಳನ್ನು ಒಂಥರಾ ನೋಡುತ್ತಿದ್ದ.

ನಾದಿನಿಯ ಮನೆ ನದಿ ಕಡಲಿಗೆ ಸೇರುವಲ್ಲಿ, ತಗ್ಗಿನಲ್ಲಿ, ಒಂದಕ್ಕೊಂದು ಅಂಟಿಕೊಂಡ ಸಾಲುಮನೆ, ಈ ಮನೆಯಲ್ಲಿ ಸೀನಿದರೆ ಆ ಮನೆಯವರಿಗೆ ಎಚ್ಚರ. ಹೋದ ವರ್ಷ ಇವಳು ಓದಿದ್ದನ್ನು ಕೇಳಿ ಆ ಓಣಿಯವರೆಲ್ಲ ಗಂಟುಮೂಟೆ ಹೊತ್ತು ದಿಬ್ಬದ ಶಾಲೆಗೆ ಹೋಗಿದ್ದರು, ಬಿರುಗಾಳಿ ಅರ್ಧ ದಾರಿಯಲ್ಲಿ ಮನಸ್ಸು ಬದಲಿಸಿ ಕಡಲಿಗೇ ತಿರುಗಿತು, ಮರುದಿನ ಕಣ್ಣು ಕುಕ್ಕುವ ಬಿಸಿಲು. ಅದಕ್ಕೇ ಈ ತಿಂಗಳ ಮೊದಲಲ್ಲಿ, ಈ ಮಳೆಗಾಲದ ಮೊದಲ ಚಂಡಮಾರುತ ಬಂದಾಗ, ವರದಿಗೆ ಮುಂಚೆ ಕಾರಿಡಾರಿನಲ್ಲಿ ನಿಂತು ಫೋನು ಮಾಡಿ, ಹೊರಡು, ಈ ಸಲ ಅದು ತಿರುಗೋ ಥರ ಕಾಣ್ತಿಲ್ಲ ಅಂದರೆ ನಾದಿನಿ ನಕ್ಕೇಬಿಟ್ಟಳು, ಅತ್ತಿಗೆ, ನೀವು ಓದಿದ್ದೆಲ್ಲ ಮಳೆಯಾಗಿ ಸುರಿದಿದ್ರೆ ನಾವಿಷ್ಟೊತ್ತಿಗೆ ಮೀನಾಗಿರ್ತಿದ್ವಿ. ನಗುವಿನ ಹಿಂದೆ ಗೋಡೆಯಾಚೆಯಿಂದ ಟಕಟಕ ಟಕಟಕ, ಪಕ್ಕದ ಮನೆಯ ದರ್ಜಿ ಹೆಂಗಸಿನ ಹೊಲಿಗೆ ಯಂತ್ರ, ಶಾಲೆ ತೆರೆಯುವ ಕಾಲ, ಸಮವಸ್ತ್ರದ ರಾಶಿ, ಹಗಲಿಡೀ ಅವಳಿಗೆ ಜತೆ ರೇಡಿಯೊ ಒಂದೇ. ಅಷ್ಟರಲ್ಲಿ ಎಂಜಿನಿಯರ್ ಕರೆದ, ಓಡಿಬಂದು ಕೂತಳು, ದೀಪ ಹತ್ತಿತು, ಗಾಳಿಯ ವೇಗ, ಅಲೆಗಳ ಎತ್ತರ, ಎಲ್ಲ ಸಲೀಸು, ನದೀಮುಖದ ತಗ್ಗು ಪ್ರದೇಶದಲ್ಲಿ ವಾಸಿಸುವವರು — ಅಲ್ಲಿ ಗಂಟಲು ಕಟ್ಟಿತು. ಒಂದೇ ಒಂದು ಉಸಿರು. ಉಗುಳು ನುಂಗಿ ಮುಂದೆ ಓದಿದಳು. ಹೊರಗೆ ಬಂದಾಗ ಅಧಿಕಾರಿ ಮುಖ ಗಂಟು ಹಾಕಿಕೊಂಡು ನಿಂತಿದ್ದರು, ನೀವೇ ಹೀಗೆ ಮಾಡಿದ್ರೆ ಹೇಗಮ್ಮ.

ಆ ಒಂದು ಉಸಿರಿಗೆ ನಾದಿನಿ ಎದ್ದಳು. ದಿಬ್ಬದ ಶಾಲೆಯಲ್ಲಿ ಒದ್ದೆ ಕೂದಲು ಹಿಂಡುತ್ತ ಅವಳೇ ಹೇಳಿದ್ದು, ಅಪ್ಪ ಹೋದ ದಿನಾನೂ ನಿಮ್ಮ ಗಂಟಲು ಕಟ್ಟಿರ್ಲಿಲ್ಲ ಅತ್ತಿಗೆ, ಇವತ್ತು ಕಟ್ತು, ಒಲೆ ಆರಿಸಿ ಮಕ್ಕಳನ್ನ ಎಳ್ಕೊಂಡು ಹೊರಟೆ. ಹೊರಡುವಾಗ ಪಕ್ಕದ ಬಾಗಿಲು ಬಡಿದಿದ್ದಳಂತೆ. ಯಂತ್ರ ನಿಲ್ಲಲಿಲ್ಲ. ಅಲ್ಲೂ ಅದೇ ರೇಡಿಯೊ, ಅದೇ ದನಿ, ಅದೇ ಮಾತು. ಆಯಮ್ಮ ದಿನಾ ಹಾಗೇ ಅಲ್ವಾ ಓದೋದು, ಈ ಒಂದು ತೋಳು ಮುಗಿಸಿ ಬರ್ತೀನಿ, ನೀವು ನಡೀರಿ, ಅಂದಳಂತೆ ದರ್ಜಿ ಹೆಂಗಸು ಒಳಗಿಂದಲೇ. ನೀರು ಕತ್ತಲೆಗೆ ಮುಂಚೆಯೇ ಬಂತು, ಹಿಂದಿನ ಗೋಡೆಯನ್ನು ತಳ್ಳಿಕೊಂಡು ಬಂತು, ನೀರು ಇಳಿದ ಮೇಲೆ ಆಕೆಯನ್ನು ಆ ಗೋಡೆಯ ಅಡಿಯಿಂದಲೇ ತೆಗೆದರು. ನಾದಿನಿಯ ಜತೆ ಮನೆ ನೋಡಲು ಹೋದವಳು ನಡುವೆ ಕುಸಿದ ಗೋಡೆಯ ಸಂದಿಯಿಂದ ಆ ಕಡೆಗೂ ನೋಡಿದಳು, ನೋಡಬಾರದಿತ್ತು, ಚಾವಣಿಯಿಲ್ಲದ ಕೋಣೆಯಲ್ಲಿ ಯಂತ್ರ ನಿಂತೇ ಇತ್ತು, ಸೂಜಿ ಕೆಳಗಿಳಿದಿತ್ತು, ಸೂಜಿಯ ಅಡಿಯಲ್ಲಿ ನೀಲಿ ತೋಳು, ಅರ್ಧ ಹೊಲಿದದ್ದು.

ಗಂಟಲು ಕಟ್ಟಿದ್ದು ಯಾರಿಗಾಗಿ, ಓಣಿಗಾಗಿ ಅಲ್ಲ, ಊರಿಗಾಗಿ ಅಲ್ಲ, ಒಂದೇ ಮನೆಗಾಗಿ, ಕೇಳಬೇಕಾದ ಆ ಮನೆಗೆ ಮಾತ್ರ ಕೇಳಿತು — ವರ್ಷಗಟ್ಟಲೆ ಇವಳ ದನಿಯನ್ನು ಪಕ್ಕದಲ್ಲಿಟ್ಟುಕೊಂಡು ಹೊಲಿದ ಹೆಂಗಸಿಗೆ ಅದು ನಿತ್ಯದ ಮಾತಾಯಿತು, ಹಾಗಂತ ದಿನಾ ಬೇಕೆಂದೇ ಗಂಟಲು ಕಟ್ಟಿಸಿಕೊಳ್ಳಲಾಗುತ್ತದೆಯೇ, ಕಳ್ಳ ಅಳು ನಾಲ್ಕು ದಿನ ನಡೆದೀತು, ಆಮೇಲೆ ಅದೂ ನಿತ್ಯದ ಮಾತೇ. ಅಧಿಕಾರಿ ಹೇಳಿದ್ದೂ ಸರಿ. ಹಾಳೆಯಲ್ಲಿರುವುದೂ ಎಲ್ಲ ಸರಿ, ಮರದ ಕೆಳಗೆ ನಿಲ್ಲಬೇಡಿ, ತುಂಡಾಗಿ ಬಿದ್ದ ತಂತಿ ಮುಟ್ಟಬೇಡಿ, ಗಾಳಿ ಒಮ್ಮೆಲೇ ನಿಂತಿತೆಂದು ಹೊರಗೆ ಬರಬೇಡಿ, ಅದು ತಿರುಗಿ ಬೀಸುತ್ತದೆ — ಯಾವುದು ಇಲ್ಲ ಇದರಲ್ಲಿ, ಯಾವುದೋ ಒಂದು ಇಲ್ಲ.

ದೀಪ ಹತ್ತಿತು. ಓದುತ್ತಿದ್ದಾಳೆ. ದನಿ ಬೆಣ್ಣೆಯ ಹಾಗೆ ಹೊರಡುತ್ತಿದೆ, ನದೀಮುಖದ ತಗ್ಗು ಪ್ರದೇಶ ಎಂಬಲ್ಲೂ ತಡೆಯಲಿಲ್ಲ, ಯಾಕೆ ತಡೆದೀತು, ನಾದಿನಿ ಮಕ್ಕಳ ಜತೆ ಈಗ ಇವಳ ಮನೆಯ ಮಹಡಿಯಲ್ಲಿ ಬೆಚ್ಚಗಿದ್ದಾಳಲ್ಲ, ತನ್ನವರು ತಗ್ಗಿನಲ್ಲಿ ಯಾರೂ ಇಲ್ಲವಲ್ಲ, ಆ ನುಣುಪು ಕಿವಿಗೆ ಬಿದ್ದು ತನ್ನ ಬಗ್ಗೆಯೇ ಅವಳಿಗೆ ಹೇಸಿಗೆಯಾಗುತ್ತದೆ, ಹಾಳೆಯ ಕೊನೆಯ ಸಾಲು ಬಂತು, ಮುಗಿಯಿತು, ಇಲ್ಲಿ ನಿಲ್ಲಿಸಬೇಕು, ನಿಲ್ಲಿಸಲಿಲ್ಲ, ಅದೇ ಸಮಾಧಾನದ ದನಿಯಲ್ಲಿ, ಒಂದು ಪದವನ್ನೂ ಏರಿಸದೆ, ಹಾಳೆಯಲ್ಲಿಲ್ಲದ್ದನ್ನು ಹೇಳಿದಳು:

“ಕೈಯಲ್ಲಿರೋ ಕೆಲಸ ಮುಗಿಸಿ ಹೊರಡ್ತೀನಿ ಅನ್ನಬೇಡಿ. ಅರ್ಧಕ್ಕೇ ಬಿಟ್ಟು ಏಳಿ. ನಿಮ್ಮನ್ನೇ ಹೇಳ್ತಿರೋದು.”

ಎಂಜಿನಿಯರ್ ತಲೆಯೆತ್ತಿದ್ದಾನೆ, ಅವನ ಹಿಂದೆ ಅಧಿಕಾರಿ ಬಾಗಿಲು ತೆರೆದು ಬಂದು ನಿಂತಿದ್ದಾರೆ, ಬೈಯುತ್ತಾರೆ, ಬೈಯಲಿ, ಯಾರಾದರೂ ಎದ್ದರೋ ಇಲ್ಲವೋ ಗೊತ್ತಾಗುವುದಿಲ್ಲ, ಈ ಕೋಣೆಯೊಳಗೆ ಯಾರ ಬಾಗಿಲ ಸದ್ದೂ ಕೇಳಿಸುವುದಿಲ್ಲ, ಈಗ ನಮಸ್ಕಾರ ಹೇಳಬೇಕು, ಒಂದೇ ಪದ, ನಾಲಿಗೆಯ ತುದಿಯವರೆಗೆ ಬಂದಿದೆ, ಹಾಳೆಯ ಮೇಲಿನ ಅಕ್ಷರಗಳೆಲ್ಲ ಅಳಿಸಿಹೋಗಿ ಅಲ್ಲಿ ನೀಲಿ ಬಟ್ಟೆ, ಕೆಸರಿನ ಗೆರೆ, ಕೆಳಗಿಳಿದ ಸೂಜಿ, ಸೂಜಿಯ ಅಡಿಯಲ್ಲಿ ತೋಳು, ಯಾವ ಮಗುವಿನ ಕೈಯೂ ಇನ್ನೂ ತೂರದ ತೋಳು, ಸೂಜಿ, ತೋಳು