ಬಿಡಿಸಿ ಓದಿದ ಹೆಸರು

ಹಿರಿಯಣ್ಣನವರ ಗಂಟಲಿನ ಕ್ಯಾನ್ಸರ್ ಗೆಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕೆಂದು ಡಾಕ್ಟರು ಹೇಳಿದ್ದರು. ಬೆಳಗಾದರೆ ಆಪರೇಷನ್. ಆಮೇಲೆ ಈ ಜನ್ಮದಲ್ಲಿ ಆ ದನಿ ಮತ್ತೆ ಕೇಳುವಂತಿಲ್ಲ. ಅಂಥ ಮನುಷ್ಯ ಪವಾಯಿಯ ಫ್ಲ್ಯಾಟಿನಲ್ಲಿ ಸಂಜೆಯಿಡೀ ಕೂತು ಮಾಡುತ್ತಿದ್ದುದೇನು? ಆಪರೇಷನ್ನಿನ ಹೆಸರು ಬಾಯಿಪಾಠ.

ಥಿಯೇಟರಿಗೆ ಒಯ್ಯುವ ಮುಂಚೆ ಯಾವ ಆಪರೇಷನ್ ಎಂದು ರೋಗಿಯ ಬಾಯಿಂದಲೇ ಹೇಳಿಸುವುದು ಆ ಆಸ್ಪತ್ರೆಯ ಪದ್ಧತಿ. ಗಂಟಲಿನದು ಎಂದರೆ ಸಾಕಿತ್ತು. ಆದರೆ ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದ ಜೀವ, ಬಿಗುಮಾನ ಬಿಟ್ಟೀತೇ? ಹುಟ್ಟುಗುಣ ಸುಟ್ಟರೂ ಹೋಗದು.

“ಫರಿಂಗೋಲ್ಯಾರಿಂಗೆಕ್ಟಮಿ,” ಎಂದರು ಕರಕರ ದನಿಯಲ್ಲಿ.

“ನಹೀ ತಾತ, ತೋಡ್ ಕೇ, ಬಿಡಿಸಿ ಹೇಳಿ,” ಎಂದಳು ಮೊಮ್ಮಗಳು ಯಕ್ಷಿತಾ. “ಫ-ರಿಂ-ಗೋ. ಆಮೇಲೆ ಲ್ಯಾ-ರಿನ್-ಜೆಕ್-ಟ-ಮಿ. ಫಸ್ಟ್ ಗ, ನೆಕ್ಸ್ಟ್ ಜ. ಜೆಕ್ ಮೇಲೆ ಜೋರು ಕೊಡಿ.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ವಿಮಲಾಗೆ ಹೊಟ್ಟೆ ಉರಿಯುತ್ತಿತ್ತು. ಮದುವೆಯಾದಾಗಿನಿಂದ ಗಂಡ ಆಕೆಯನ್ನು ಹೆಸರು ಹಿಡಿದು ಕರೆದವರಲ್ಲ. ‘ಲೇ’, ‘ಇವಳೇ’, ಹೊರಗಿನವರೆದುರು ‘ನಮ್ಮನೇವಳು’. ಅತ್ತೆ ಮಾವ ಇದ್ದ ಮನೆಯಲ್ಲಿ ಹಾಗೇ ರೂಢಿಯಾಯಿತು. ಅವರು ಹೋದರೂ ರೂಢಿ ಹೋಗಲಿಲ್ಲ. ಆ ಹಾಳು ಶಬ್ದಕ್ಕೆ ಸವೆಸುವ ಉಸಿರಿನಲ್ಲಿ ತನ್ನ ಹೆಸರನ್ನು ಒಮ್ಮೆ ಅನ್ನಬಾರದೇ? ಬಾಯಿಬಿಟ್ಟು ಕೇಳಲು ಸಂಕೋಚ. ಬಿಸಿನೀರು ತಂದು ಅವರ ಮುಂದಿಟ್ಟಳು.

“ಬೇರೆ ಏನಾದ್ರೂ ಮಾತಾಡ್ರೀ. ಅದನ್ನೇ ಯಾಕೆ ಹೇಳ್ತಾ ಕೂತಿದೀರಿ?”

“ತಡಿಯೇ, ಇದೊಂದು ಬಂದ್ಬಿಡ್ಲಿ.”

ಬೆಳಿಗ್ಗೆ ಥಿಯೇಟರಿನ ಬಾಗಿಲಲ್ಲಿ ನರ್ಸ್ ಕೇಳಿದಳು. ಸ್ಟ್ರೆಚರ್ ಮೇಲಿಂದಲೇ ಹಿರಿಯಣ್ಣ ತಮ್ಮ ಹೆಸರು ಹೇಳಿ, ಆಪರೇಷನ್ನಿನ ಹೆಸರನ್ನು ಒಂದಕ್ಷರ ತಪ್ಪದೆ, ಒತ್ತು ಬೀಳುವಲ್ಲಿ ಒತ್ತು ಕೊಟ್ಟು ಹೇಳಿದರು. ನರ್ಸ್ ಮೆಚ್ಚಿ ತಲೆದೂಗಿ, ಜೊತೆಗೆ ಬಂದವರ ಹೆಸರನ್ನೂ ಕೇಳಿದಳು.

“ಸಾಥ್ ಮೇ ಕೌನ್ ಹೈ, ಅಂಕಲ್? ಉನ್‌ಕಾ ನಾಮ್?”

ಹಿರಿಯಣ್ಣ ಹೆಂಡತಿಯ ಕಡೆ ತಿರುಗಿದರು. ಮುಖದ ಬಿಗುವು ಸಡಿಲವಾಯಿತು. ಮದುಮಗನ ಹಾಗೆ ತುಸು ನಾಚಿ, ಉಸಿರೆಳೆದುಕೊಂಡು ಬಾಯಿ ತೆರೆದರು.

“ವಿಮಲಾ,” ಎಂದಳು ವಿಮಲಾ.

ಅವರ ಗಂಟಲು ನೋಯದಿರಲೆಂದು ಕಾಯಿಲೆ ಬಂದಾಗಿನಿಂದ ಎಲ್ಲದಕ್ಕೂ ತಾನೇ ಮುಂದಾಗಿ ಉತ್ತರ ಹೇಳಿ ಆಕೆಗೆ ಅದೇ ಅಭ್ಯಾಸವಾಗಿತ್ತು. ಹೇಳಿಬಿಟ್ಟ ಮೇಲೆ ಅರಿವಾಯಿತು, ಅವರು ಹೇಳಹೊರಟಿದ್ದು ಅದೇ ಹೆಸರೆಂದು. ಹಿರಿಯಣ್ಣ ತೆರೆದ ಬಾಯಿ ಮುಚ್ಚಿ, ಹೌದು ಎಂಬಂತೆ ತಲೆಯಾಡಿಸಿದರು. ನರ್ಸಿಗೆ ಬೇಕಾದ ಉತ್ತರ ಸಿಕ್ಕಿತ್ತು. ವಾರ್ಡ್‌ಬಾಯ್ ಸ್ಟ್ರೆಚರನ್ನು ಒಳಗೆ ತಳ್ಳಿಕೊಂಡು ಹೋದ.