ಪೆನ್ಸಿಲ್ ಹೆಸರು

ತಳ ಹತ್ತಿದ ಕುಕ್ಕರನ್ನು ಅವಳು ಗಸಗಸ ಉಜ್ಜುತ್ತಿದ್ದಾಗ ಫೋನ್ ಬಂತು. ಗಂಡನ ಅಂತ್ಯಕ್ರಿಯೆ ಮುಗಿದದ್ದು ನಿನ್ನೆ.

"ಅಮ್ಮಾ, ಹೆಡ್‌ಮಾಸ್ಟರು ಮಾತಾಡ್ತಿರೋದು. ಏಳನೇ ಕ್ಲಾಸಿನ ಹಾಜರಿ ಪುಸ್ತಕ ನಿಮ್ಮನೇಲೇ ಉಳಿದ್ಬಿಟ್ಟಿದೆ. ಸೋಮವಾರ ತಂದ್ಕೊಡ್ತೀನಿ ಅಂತ ನಿಮ್ಮ ಯಜಮಾನ್ರು ಇಸ್ಕೊಂಡು ಹೋಗಿದ್ರು. ಹೊಸ ಮೇಷ್ಟ್ರು ಇವತ್ತು ಬರ್ತಾರೆ."

"ಇವತ್ತೇನಾ?"

"ಮಕ್ಕಳ ಪಾಠ ನಿಲ್ಲಬಾರದು ನೋಡಿ. ಅವ್ರ ಹೆಸರಿನದೇನೂ ತೊಂದರೆಯಿಲ್ಲ, ಪೆನ್ಸಿಲ್ಲಲ್ಲೇ ಇದೆ. ಅಳಿಸ್ಕೋತೀವಿ."

ಆ ಶಾಲೆಯ ಪದ್ಧತಿ ಅದು. ಪಾಠ ಹೇಳುವ ಪರವಾನಗಿ ಬರುವ ತನಕ ಹಾಜರಿ ಪುಸ್ತಕದ ಮೇಲೆ ಮೇಷ್ಟರ ಹೆಸರು ಪೆನ್ಸಿಲಿನಲ್ಲಿ. ಬಂದ ದಿನ ಶಾಯಿಯಲ್ಲಿ.

"ಯಾರೇ ಅದು?" ಒಳಗಿನಿಂದ ಅತ್ತೆ ಕೇಳಿದರು.

"ನಿನ್ನೆ ಭಾಷಣ ಮಾಡಿದ್ರಲ್ಲ ಅತ್ತೆ, ಅವ್ರು."

"ಏನಂತೆ? ಇನ್ನೊಂದು ಭಾಷಣ ಉಳಿದಿತ್ತಂತಾ?"

*

ನಿನ್ನೆ ಹೆಡ್‌ಮಾಸ್ಟರು ಒಣಗಿದ ಕಣ್ಣಿಗೆ ಕರ್ಚೀಫು ಒತ್ತಿಕೊಂಡು "ಆದರ್ಶ ಶಿಕ್ಷಕ" ಎಂದಿದ್ದರು. ಗಂಡನ ಹಳೆಯ ಜೊತೆಗಾರ, ಲಿಫ್ಟ್ ಮೆಕ್ಯಾನಿಕ್, ಅವಳ ಪಕ್ಕದಲ್ಲೇ ಹಲ್ಲು ಕಡಿದಿದ್ದ.

"ಹನ್ನೊಂದು ವರ್ಷ ನನ್ನ ಜೊತೆ ಗ್ರೀಸ್ ಮೆತ್ಕೊಂಡವನು, ಮೇಷ್ಟ್ರಾಗ್ತೀನಿ ಅಂದಾಗ ತಲೆ ಕೆಟ್ಟಿದೆ ಅಂದಿದ್ದೆ. ಆದ್ರೂ ಆಗಿಬಿಟ್ಟ ನೋಡಿ. ಈವಯ್ಯನಿಗೆ ಒಂದು ಸಹಿ ಹಾಕೋಕೆ ಕೈ ಬರಲಿಲ್ಲ, ಈಗ ಆದರ್ಶವಂತೆ!" ಆಮೇಲೆ ದನಿ ಇಳಿಸಿದ. "ನಾನು ಅವತ್ತು ಫೋನ್ ಮಾಡಬಾರದಿತ್ತು ಅತ್ತಿಗೆ."

*

ಒಂದು ಶಾಲಾ ಅವಧಿಯಲ್ಲಿ ನೂರಿಪ್ಪತ್ತು ದಿನ ಪಾಠ ಮಾಡಿದ್ದಾನೆಂದು ಹೆಡ್‌ಮಾಸ್ಟರು ಸಹಿ ಹಾಕಿದರೆ ಪರವಾನಗಿ. ಪರೀಕ್ಷೆಗಳನ್ನೆಲ್ಲ ಅವಳ ಗಂಡ ಆಗಲೇ ಪಾಸು ಮಾಡಿದ್ದ. ಲೆಕ್ಕದ ಪಾಠಕ್ಕೂ ಲಿಫ್ಟನ್ನೇ ತಂದು, ಸೊನ್ನೆಯೆಂದರೆ ನೆಲಮಹಡಿ, ಅದಕ್ಕಿಂತ ಕೆಳಗಿಳಿದರೆ ಮೈನಸ್ಸು ಎಂದು ಹೇಳಿಕೊಡುತ್ತಿದ್ದ. ಲೆಕ್ಕ ಜಾಸ್ತಿ ಕೊಟ್ಟರೆ ಮಕ್ಕಳು "ಓವರ್‌ಲೋಡ್ ಸಾರ್!" ಎಂದು ಕೂಗುತ್ತಿದ್ದವು.

ಒಂದು ಬೆಳಿಗ್ಗೆ ಜೊತೆಗಾರನ ಫೋನ್ ಬಂತು. ಹಳೇ ಲಿಫ್ಟು ನಡುವೆ ನಿಂತಿದೆ, ಒಳಗೆ ಮೂರು ಜನ, ಅದರ ಹುಳುಕು ಗೊತ್ತಿರುವವನು ನೀನೊಬ್ಬನೇ. ಅವನು ಓಡಿದ. ಹೆಡ್‌ಮಾಸ್ಟರು ಗೈರುಹಾಜರಿ ಹಾಕಿದರು. ಅವಧಿ ಮುಗಿದಾಗ ನೂರ ಹತ್ತೊಂಬತ್ತು. ಮತ್ತೆ ಒಂದರಿಂದ ಶುರು.

"ನಿಮಗೆ ಮೈ ಉರಿಯಲ್ವಾ?" ಅವಳು ಕಿರುಚಿದ್ದಳು.

"ಉರಿಯುತ್ತೆ ಕಣೇ. ಆದ್ರೆ ಒಳಗೆ ಮೂರು ಜನ ಇದ್ರಲ್ಲ."

ಎರಡನೇ ಸುತ್ತಿನ ನಲವತ್ತೊಂದನೇ ದಿನ, ಮನೆಯ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕುಸಿದ. ಅವನ ಮೇಲೂ ಅವಳಿಗೆ ಸಿಟ್ಟಿತ್ತು. ಅಷ್ಟು ನಗುನಗುತ್ತಾ ಮತ್ತೆ ಒಂದರಿಂದ ಎಣಿಸಿದ್ದಕ್ಕೆ.

*

ಹೆಡ್‌ಮಾಸ್ಟರ ಮೇಜಿನ ಮೇಲೆ ರಬ್ಬರು ಸಿದ್ಧವಾಗಿತ್ತು.

"ಪಾಪ, ನೀವೇ ಬಂದ್ರಾ? ಅಲ್ಲಿಡಿ."

ಅವಳು ಪುಸ್ತಕವನ್ನು ತನ್ನ ಕಡೆಗೇ ತಿರುಗಿಸಿ ಇಟ್ಟಳು. ರಟ್ಟಿನ ಮೇಲೆ ಅವನ ಹೆಸರು, ಮಾಸಲು ಬೂದಿ ಬಣ್ಣದಲ್ಲಿ. ಮೇಜಿನ ಮೇಲಿದ್ದ ಶಾಯಿ ಪೆನ್ನಿನ ಮುಚ್ಚಳ ತೆಗೆದಳು.

"ಸಹಿಗಿಹಿ ಏನೂ ಬೇಡಮ್ಮ."

ಅವಳು ಮೊದಲ ಅಕ್ಷರದ ಮೇಲೆ ಒತ್ತಿ ತಿದ್ದಿದಳು. ಆಮೇಲೆ ಎರಡನೆಯದರ ಮೇಲೆ.

"ಏಯ್, ಏನ್ ಮಾಡ್ತಿದ್ದೀರಿ? ಅದು ದಾಖಲೆ!"

"ಗೊತ್ತು ಸಾರ್. ಅದಕ್ಕೇ."

"ಪರವಾನಗಿ ಇಲ್ಲದವರ ಹೆಸರು—"

"ಯಾಕಿಲ್ಲ ಅಂತ ನೀವೇ ಹೇಳಿ."

ಅವರು ರಬ್ಬರಿಗೆ ಕೈ ಚಾಚಿದರು. ಅವಳು ಕೊನೆಯ ಅಕ್ಷರಕ್ಕೆ ಒತ್ತು ಕೊಟ್ಟು, ಪೆನ್ನಿನ ಮುಚ್ಚಳ ಹಾಕಿ, ಪುಸ್ತಕ ನೀಡಿದಳು.

"ತಗೊಳ್ಳಿ. ಇಸ್ಕೊಂಡಿದ್ದು ವಾಪಸ್ಸು."

ಹೆಡ್‌ಮಾಸ್ಟರು ಅದನ್ನು ಕಿತ್ತುಕೊಂಡರು. ಹೆಬ್ಬೆರಳು ಹಸಿ ಶಾಯಿಯ ಮೇಲೆ ಬಿತ್ತು. ಬೆಚ್ಚಿ ಕೈ ಜರುಗಿಸಿ ಮತ್ತೆ ಹಿಡಿದರು. ಹೆಸರಿನ ಕೆಳಗೆ, 'ಮುಖ್ಯೋಪಾಧ್ಯಾಯರ ಸಹಿ' ಎಂದು ಅಚ್ಚಾಗಿದ್ದ ಖಾಲಿ ಗೆರೆಯ ಮೇಲೆ, ಗೆರೆಗೆರೆಯೂ ಕಾಣುವಂತೆ ನೀಲಿ ಹೆಬ್ಬೆಟ್ಟು ಬಿದ್ದಿತ್ತು.